ದಿನಾ ತೋರಣಗಲ್ಲಿಗೆ ಓಡಾಡಲು ಸೆಕೆಂಡ್ ಹ್ಯಾಂಡ್ ಸ್ಕೋಡಾ ಆಕ್ಟೇವಿಯಾ ವಿಆರ್‌ಎಸ್ ತಗೋಬಹುದಾ?

ಕೋಟೆ ಕೆಳಗಿನವನು:

ಎಲ್ಲರಿಗೂ ನಮಸ್ಕಾರ. ನಾನು ಬಳ್ಳಾರಿಯವನು, ಕೆಲಸ ತೋರಣಗಲ್ಲಿನಲ್ಲಿ. ಹೋಗಿ ಬಂದು ದಿನಕ್ಕೆ ಸುಮಾರು 70 ಕಿ.ಮೀ. ಶಿಫ್ಟ್ ಕೆಲಸ ಆದ್ದರಿಂದ ಬೆಳಗಿನ ಜಾವ, ಮಟಮಟ ಮಧ್ಯಾಹ್ನ, ನಡುರಾತ್ರಿ ಎಲ್ಲ ಹೊತ್ತಿನಲ್ಲೂ ಗಾಡಿ ತೆಗೆಯಬೇಕು. ಈಗ ಇರುವುದು 2014ರ ಡೀಸೆಲ್ ಸ್ವಿಫ್ಟ್, 1 ಲಕ್ಷ 90 ಸಾವಿರ ಕಿ.ಮೀ. ಆಗಿದೆ, ಒಂದು ದಿನವೂ ಕೈ ಕೊಟ್ಟಿಲ್ಲ. ಅದನ್ನು ಊರಲ್ಲಿರುವ ತಮ್ಮನಿಗೆ ಕೊಡುವುದು ಅಂತ ಮನೆಯಲ್ಲಿ ಮಾತಾಗಿದೆ.

ಈಗ ವಿಷಯಕ್ಕೆ ಬರುತ್ತೇನೆ. 2017ರಲ್ಲಿ ಆಕ್ಟೇವಿಯಾ ವಿಆರ್‌ಎಸ್ ಬಂದಾಗ ಅದರ ಫೋಟೊ ನೋಡಿ ಮನಸ್ಸು ಅಲ್ಲೇ ನಿಂತುಬಿಟ್ಟಿತು. 2.0 ಲೀಟರ್ ಟರ್ಬೊ ಪೆಟ್ರೋಲ್, 230 ಪಿಎಸ್ ಪವರ್, 350 ಎನ್‌ಎಂ ಟಾರ್ಕ್, ಜೊತೆಗೆ ನಾಲ್ಕು ಜನ ಆರಾಮಾಗಿ ಕೂರಬಹುದು, ಡಿಕ್ಕಿಯಲ್ಲಿ ಎರಡು ಚೀಲ ಅಕ್ಕಿ ಹಾಕಿಕೊಂಡು ಬರಬಹುದು. ಆಗ ಅಷ್ಟು ದುಡ್ಡು ಇರಲಿಲ್ಲ. ಈಗ ಎಲ್ಲ ಸೇರಿ 20 ಲಕ್ಷದವರೆಗೆ ಹೊಂದಿಸಬಲ್ಲೆ. ಬೆಂಗಳೂರಿನಲ್ಲಿ 2018ರ ಒಂದು ವಿಆರ್‌ಎಸ್ ಇದೆ, 74 ಸಾವಿರ ಕಿ.ಮೀ. ಓಡಿದೆ, 18 ಲಕ್ಷ ಹೇಳುತ್ತಿದ್ದಾರೆ.

ಇನ್ನೊಂದು ದಾರಿ ಅಂದರೆ ಸ್ಕೋಡಾದ್ದೇ 2022ರ ಸ್ಲಾವಿಯಾ 1.5 ಟಿಎಸ್‌ಐ (ಟರ್ಬೊ ಪೆಟ್ರೋಲ್) ಮ್ಯಾನುಯಲ್. ಅದು 150 ಪಿಎಸ್, 250 ಎನ್‌ಎಂ. ಬೆಲೆ ತುಂಬಾ ಕಡಿಮೆ ಬೀಳುತ್ತದೆ, ಗಾಡಿಯೂ ಹೊಸದು. ಗೆಳೆಯನೊಬ್ಬ ಇವೆರಡೂ ಬೇಡ, ಅದೇ ದುಡ್ಡಿಗೆ ಹಳೆ ಬಿಎಂಡಬ್ಲ್ಯು 3 ಸೀರೀಸ್ ತಗೋ ಅನ್ನುತ್ತಿದ್ದಾನೆ.

ವಾರಕ್ಕೊಮ್ಮೆ ಹೊರಗೆ ತೆಗೆಯುವ ಕಾರು ನನಗೆ ಬೇಡ. ಮನೆಯಲ್ಲಿ ಇರುವುದು ಒಂದೇ ಕಾರು, ವರ್ಷ ಪೂರ್ತಿ ಅದೇ ಓಡಬೇಕು. ಏಪ್ರಿಲ್, ಮೇ ಬಿಸಿಲಲ್ಲೂ, ಮಳೆಗಾಲದಲ್ಲೂ, ಅಮ್ಮನನ್ನು ಆಸ್ಪತ್ರೆಗೆ ಕರೆದುಕೊಂಡು ಹೋಗಲೂ ಅದೇ. ಅಮ್ಮನಿಗೆ ಮೊಣಕಾಲು ನೋವು ಬೇರೆ, ತೀರಾ ತಗ್ಗಿನ ಸೀಟು ಕಷ್ಟ. ನಮ್ಮ ರಸ್ತೆ ಹೇಗಿದೆ ಅಂತ ಗೊತ್ತಿರುವವರು ಹೇಳಿದರೆ ಸಾಕು, ವಿಡಿಯೊ ನೋಡಿ ನೋಡಿ ತಲೆ ಕೆಟ್ಟಿದೆ. ಇಂಥ ಕಾರನ್ನು ನಮ್ಮ ಭಾಗದಲ್ಲಿ ದಿನಾ ಓಡಿಸುತ್ತಿರುವವರು ಯಾರಾದರೂ ಇದ್ದೀರಾ?

ಕುಡತಿನಿ ಕ್ರಾಸ್:

ಇದ್ದೇನೆ ಬ್ರದರ್. ನಿಮ್ಮದೇ ರಸ್ತೆ, ನಿಮ್ಮ ಹಾಗೇ ಶಿಫ್ಟ್. ಐದು ವರ್ಷದಿಂದ ತಗ್ಗಿನ ಟರ್ಬೊ ಪೆಟ್ರೋಲ್ ಸೆಡಾನ್ ಓಡಿಸುತ್ತಿದ್ದೇನೆ. ತಗೋಬಹುದು. ಆದರೆ ಬೆಂಗಳೂರಿನವರು ಓಡಿಸುವ ಹಾಗೆ ಓಡಿಸಿ, ಅವರು ಸರ್ವಿಸ್ ಮಾಡಿಸುವ ಹಾಗೆ ಮಾಡಿಸಿದರೆ ಎರಡೇ ವರ್ಷದಲ್ಲಿ ಕೈ ಸುಟ್ಟುಕೊಳ್ಳುತ್ತೀರಿ.

ಮೊದಲನೆಯದು ಧೂಳು. ಕುಡತಿನಿ ದಾಟಿದ ಮೇಲೆ ಗಾಳಿಯಲ್ಲಿ ಏನಿರುತ್ತದೆ ಅಂತ ನಿಮಗೇ ಗೊತ್ತು. ಒಂದು ಕಡೆ ಥರ್ಮಲ್ ಸ್ಟೇಷನ್ ಬೂದಿ, ಇನ್ನೊಂದು ಕಡೆ ಸಂಡೂರಿನಿಂದ ಬರುವ ಅದಿರು ಲಾರಿಗಳ ಕೆಂಪು ಪುಡಿ. ಟಾರ್ಪಾಲು ಕಟ್ಟಿದ್ದರೂ ಹಾರುವುದು ಹಾರುತ್ತದೆ. ಟರ್ಬೊ ಇಂಜಿನ್ ಗಾಳಿಯನ್ನು ಎಳೆದು, ಒತ್ತಿ ಒಳಗೆ ತುಂಬುತ್ತದೆ. ಏರ್ ಫಿಲ್ಟರ್ ಕಟ್ಟಿಕೊಂಡರೆ ಮೊದಲು ಹೋಗುವುದೇ ಪಿಕಪ್. ಕಂಪನಿ ಹೇಳುವ ಅವಧಿ ನಮಗೆ ಲೆಕ್ಕವಿಲ್ಲ, ನಾನು 5 ಸಾವಿರ ಕಿ.ಮೀ.ಗೆ ಬಿಚ್ಚಿ ನೋಡುತ್ತೇನೆ, 10 ಸಾವಿರಕ್ಕೆ ಬದಲಾಯಿಸುತ್ತೇನೆ. ಹೆಸರಿಗೆ ಸ್ಪೋರ್ಟ್ಸ್ ಅನ್ನುವ, ತೊಳೆದು ಮತ್ತೆ ಹಾಕುವ ಫಿಲ್ಟರ್ ಇರುವ ಕಾರು ಸಿಕ್ಕರೆ ಮೊದಲ ದಿನವೇ ಅದನ್ನು ತೆಗೆಸಿ ಕಂಪನಿ ಪೇಪರ್ ಫಿಲ್ಟರ್ ಹಾಕಿಸಿ. ನಮ್ಮ ಧೂಳು ಹಿಟ್ಟಿನಷ್ಟು ನುಣುಪು.

ಜನ ಮರೆಯುವುದು ಇದನ್ನಲ್ಲ, ಮುಂದಿನ ಜಾಲರಿಯ ಹಿಂದೆ ಇರುವುದನ್ನು. ಅಲ್ಲಿ ಎಸಿ ಕಂಡೆನ್ಸರ್, ಟರ್ಬೊ ಒತ್ತಿದ ಬಿಸಿ ಗಾಳಿಯನ್ನು ತಣಿಸುವ ಇಂಟರ್‌ಕೂಲರ್, ರೇಡಿಯೇಟರ್ ಒಂದರ ಹಿಂದೆ ಒಂದು ಕೂತಿರುತ್ತವೆ. ಇವುಗಳ ಸಂದಿಯಲ್ಲಿ ಧೂಳು, ಹುಳ, ಹತ್ತಿ ಎಳೆ ಎಲ್ಲ ಸೇರಿ ರೊಟ್ಟಿ ತಟ್ಟಿದ ಹಾಗೆ ಗಟ್ಟಿಯಾಗಿ ಕೂರುತ್ತದೆ. ಆಮೇಲೆ ಎಸಿ ತಣ್ಣಗಾಗುತ್ತಿಲ್ಲ ಅಂತ ಗ್ಯಾಸ್ ತುಂಬಿಸುತ್ತಾರೆ. ಗ್ಯಾಸ್ ಸರಿಯಾಗಿಯೇ ಇರುತ್ತದೆ, ಗಾಳಿಗೇ ದಾರಿ ಇರುವುದಿಲ್ಲ. ವರ್ಷಕ್ಕೊಮ್ಮೆ, ಫೆಬ್ರವರಿಯಲ್ಲಿ, ಬಂಪರ್ ಬಿಚ್ಚಿಸಿ ಹಿಂದಿನಿಂದ ಮುಂದಕ್ಕೆ ಮೆಲ್ಲಗೆ ನೀರು ಬಿಟ್ಟು ತೊಳೆಸಿ. ಪ್ರೆಶರ್ ಗನ್ ಹತ್ತಿರ ಹಿಡಿದರೆ ತೆಳು ರೆಕ್ಕೆಗಳು ಮಡಚಿಕೊಳ್ಳುತ್ತವೆ, ತೊಳೆಯುವವನ ಪಕ್ಕದಲ್ಲೇ ನಿಂತಿರಿ.

ಎರಡನೆಯದು ಟೈರ್. ವಿಆರ್‌ಎಸ್ 230ಕ್ಕೆ 225/45 ಆರ್17 ಬರುತ್ತದೆ. ಅಂದರೆ ಅಗಲ 225 ಮಿ.ಮೀ., ಗೋಡೆ ಅದರ ಶೇ 45, ರಿಮ್ 17 ಇಂಚು. ಲೆಕ್ಕ ಹಾಕಿದರೆ ಟೈರ್‌ನ ಗೋಡೆಯ ಎತ್ತರ 101 ಮಿ.ಮೀ. ಸ್ಲಾವಿಯಾದ 205/55 ಆರ್16ರಲ್ಲಿ ಅದು 113 ಮಿ.ಮೀ. ಒಂದು ಬೆರಳಿನಷ್ಟೂ ವ್ಯತ್ಯಾಸವಿಲ್ಲ ಅನಿಸಬಹುದು. ರಾತ್ರಿ ಲಾರಿ ಹಿಂದೆ ಹೋಗುತ್ತಾ ದಿಢೀರ್ ಅಂತ ಗುಂಡಿ ಬಂದಾಗ ರಿಮ್ ಉಳಿಯುವುದು ಆ 12 ಮಿ.ಮೀ. ಮೇಲೆ. 2020ರಲ್ಲಿ 200 ಗಾಡಿ ಮಾತ್ರ ಬಂದ ವಿಆರ್‌ಎಸ್ 245 ಯಾರಾದರೂ ತೋರಿಸಿದರೆ ಅದರಲ್ಲಿ 225/40 ಆರ್18, ಗೋಡೆ ಬರೀ 90 ಮಿ.ಮೀ. ಚೆನ್ನಾಗಿಯೇ ಇರುತ್ತದೆ, ಆದರೆ ನಮ್ಮ ರಸ್ತೆಗೆ ನಾನು ಅದನ್ನು ಹೇಳುವುದಿಲ್ಲ.

ಬಿಎಂಡಬ್ಲ್ಯು ಬಗ್ಗೆ ಇಷ್ಟೇ ಹೇಳುತ್ತೇನೆ. ಅವುಗಳಲ್ಲಿ ಬಹಳಷ್ಟಕ್ಕೆ ರನ್ ಫ್ಲಾಟ್ ಟೈರ್ ಇರುತ್ತದೆ. ಗಾಳಿ ಪೂರ್ತಿ ಹೋದರೂ 80ರ ವೇಗದಲ್ಲಿ ಸುಮಾರು 80 ಕಿ.ಮೀ. ಹೋಗಬಹುದು, ನಿಜ. ಆದರೆ ಅದರ ಗೋಡೆ ಬಿರುಸು. ದಿನಾ 70 ಕಿ.ಮೀ. ಆ ಕುಲುಕಾಟದಲ್ಲಿ ಅಮ್ಮನನ್ನು ಕೂರಿಸಿಕೊಂಡು ಒಂದು ಸಲ ಹೋಗಿ ನೋಡಿ, ಆಮೇಲೆ ನಿರ್ಧಾರ ಮಾಡಿ. ಟೈರ್ ಹೋದರೆ ಆ ಸೈಜ್ ನಮ್ಮ ಊರಿನ ಅಂಗಡಿಯಲ್ಲಿ ಅವತ್ತೇ ಸಿಗುತ್ತದೆ ಅಂತ ನಂಬಬೇಡಿ, ತರಿಸಬೇಕಾಗುತ್ತದೆ.

ರಾಯಚೂರು ಬಿಸಿಲು:

ಧೂಳಿನ ಬಗ್ಗೆ ಮೇಲಿನ ಅಣ್ಣ ಸರಿಯಾಗಿ ಹೇಳಿದ್ದಾರೆ. ನಾನು ಬಿಸಿಲಿನ ಬಗ್ಗೆ ಬರೆಯುತ್ತೇನೆ. ನಾನು ದಿನಾ ರಾಯಚೂರಿನಿಂದ ಶಕ್ತಿನಗರಕ್ಕೆ ಹೋಗುವವನು, ಬಿಸಿಲಿನ ವಿಷಯದಲ್ಲಿ ನಮ್ಮೂರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ.

ಪೇಪರ್ ಮೇಲೆ 230 ಪಿಎಸ್ ಇದ್ದರೂ ಮೇ ತಿಂಗಳ ಮಧ್ಯಾಹ್ನ 42 ಡಿಗ್ರಿಯಲ್ಲಿ ಅದು 230 ಆಗಿರುವುದಿಲ್ಲ. ಬಿಸಿ ಗಾಳಿ ತೆಳುವಾಗಿರುತ್ತದೆ. ಇಂಟರ್‌ಕೂಲರ್ ಕೂಡ ಕಾದಿರುತ್ತದೆ. ಒಳಗೆ ಬರುವ ಗಾಳಿ ಬಿಸಿ ಅಂತ ಗೊತ್ತಾದ ಕೂಡಲೇ ಇಂಜಿನ್ ಕಂಪ್ಯೂಟರ್ ಕಿಡಿ ಕೊಡುವುದನ್ನು ತುಸು ತಡ ಮಾಡುತ್ತದೆ, ಇಲ್ಲದಿದ್ದರೆ ನಾಕಿಂಗ್ ಬರುತ್ತದೆ, ಅಂದರೆ ಇಂಧನ ಹೊತ್ತಲ್ಲದ ಹೊತ್ತಿನಲ್ಲಿ ಸಿಡಿಯುತ್ತದೆ. ಇದು ದೋಷ ಅಲ್ಲ, ಇಂಜಿನ್ ತನ್ನನ್ನು ಕಾಪಾಡಿಕೊಳ್ಳುವುದು. ಆದ್ದರಿಂದ ಕಾರು ನೋಡಲು ಹೋದಾಗ ಬೆಳಿಗ್ಗೆ 8 ಗಂಟೆಗೆ ಹೋಗಬೇಡಿ. ಮಧ್ಯಾಹ್ನ 2 ಗಂಟೆಗೆ ಹೋಗಿ, ಎಸಿ ಪೂರ್ತಿ ಹಾಕಿ, ಮೊದಲು ಅರ್ಧ ಗಂಟೆ ಟ್ರಾಫಿಕ್‌ನಲ್ಲಿ ನಿಂತು ನಿಂತು ಓಡಿಸಿ, ಆಮೇಲೆ ಹೈವೇಗೆ ತಗೊಳ್ಳಿ. ಕೂಲೆಂಟ್ ಮುಳ್ಳು ಮಧ್ಯದಲ್ಲೇ ನಿಂತಿರಬೇಕು. ಗಾಡಿ ಆಫ್ ಮಾಡಿದ ಮೇಲೂ ಫ್ಯಾನ್ ಸ್ವಲ್ಪ ಹೊತ್ತು ತಿರುಗಿದರೆ ಗಾಬರಿ ಬೇಡ, ಅದು ಹಾಗೇ ಇರುವುದು.

ಈಗ ಗೇರ್ ಬಾಕ್ಸ್, ಇದೇ ಮುಖ್ಯ. ಡಿಎಸ್‌ಜಿ (ಎರಡು ಕ್ಲಚ್‌ನ ಆಟೊಮ್ಯಾಟಿಕ್) ಅಂದ ಕೂಡಲೇ ಜನ ಹೆದರುತ್ತಾರೆ, ಆದರೆ ಎಲ್ಲ ಡಿಎಸ್‌ಜಿ ಒಂದೇ ಅಲ್ಲ. 7 ಗೇರ್‌ನ ಡಿಕ್ಯು200 ಅನ್ನುವುದು ಒಣ ಕ್ಲಚ್‌ನದು. ಹಳೆ ಪೋಲೊ ಜಿಟಿ ಟಿಎಸ್‌ಐ, ಆಕ್ಟೇವಿಯಾ 1.8, ಈಗಿನ ಸ್ಲಾವಿಯಾ 1.5 ಆಟೊಮ್ಯಾಟಿಕ್, ಎಲ್ಲದರಲ್ಲೂ ಇರುವುದು ಅದೇ. ಅದೇ ಬಾಕ್ಸ್‌ಗಾಗಿ 2013ರಲ್ಲಿ ಫೋಕ್ಸ್‌ವ್ಯಾಗನ್ ಕಂಪನಿ ಜಗತ್ತಿನಾದ್ಯಂತ ಸುಮಾರು 16 ಲಕ್ಷ ಕಾರುಗಳನ್ನು ವಾಪಸ್ ಕರೆಸಿ ಒಳಗಿನ ಆಯಿಲ್ ಬದಲಾಯಿಸಿತ್ತು. ಆಮೇಲೆ ತುಂಬಾ ಸುಧಾರಿಸಿದೆ, ಆದರೂ ಬಿಸಿಲಲ್ಲಿ ಗೇಟ್ ಮುಂದೆ ಇಂಚು ಇಂಚಾಗಿ ತೆವಳುವುದು ಒಣ ಕ್ಲಚ್‌ಗೆ ಒಳ್ಳೆಯದಲ್ಲ. ವಿಆರ್‌ಎಸ್ 230ರಲ್ಲಿ ಇರುವುದು 6 ಗೇರ್‌ನ ಡಿಕ್ಯು250. ಇದರ ಕ್ಲಚ್ ಎಣ್ಣೆಯಲ್ಲಿ ಮುಳುಗಿರುತ್ತದೆ, ಬಿಸಿಯನ್ನು ಎಣ್ಣೆ ಹೊತ್ತುಕೊಂಡು ಹೋಗುತ್ತದೆ. ನಮ್ಮ ಭಾಗಕ್ಕೆ ಇದೇ ಸರಿ. ಆದರೆ ಷರತ್ತು ಒಂದು, 60 ಸಾವಿರ ಕಿ.ಮೀ.ಗೊಮ್ಮೆ ಗೇರ್ ಬಾಕ್ಸ್ ಆಯಿಲ್ ಮತ್ತು ಫಿಲ್ಟರ್ ಬದಲಾಯಿಸಲೇಬೇಕು. ನೀವು ನೋಡುತ್ತಿರುವ ಕಾರು 74 ಸಾವಿರ ಓಡಿದೆ ಅಂದಿರಿ. ಹಾಗಾದರೆ ಆ ಬಿಲ್ ಇರಲೇಬೇಕು, ಬಾಯಿ ಮಾತು ಬೇಡ, ಬಿಲ್ ಕೇಳಿ. ಬಿಲ್ ಇಲ್ಲದಿದ್ದರೆ ಆ ಕಾರನ್ನು ಅಲ್ಲೇ ಬಿಟ್ಟು ಬನ್ನಿ.

ಓಡಿಸುವಾಗ ನೋಡಬೇಕಾದ್ದು: ಬ್ರೇಕ್ ಬಿಟ್ಟಾಗ ಗಾಡಿ ನೀರಿನ ಹಾಗೆ ಮುಂದಕ್ಕೆ ಸರಿಯಬೇಕು, ನಡುಗಬಾರದು. ಸ್ವಲ್ಪ ಏರು ಇರುವ ಕಡೆ ರಿವರ್ಸ್ ಹಾಕಿ ನೋಡಿ. 2ರಿಂದ 1ಕ್ಕೆ ಇಳಿಯುವಾಗ ಟಕ್ ಅಂತ ಹೊಡೆದರೆ ಎಚ್ಚರ.

ಇಂಜಿನ್ ಒಳ್ಳೆಯದು. ಆದರೆ ಆ 2.0 ಮತ್ತು 1.8 ಇಂಜಿನ್‌ಗಳಲ್ಲಿ ವಾಟರ್ ಪಂಪ್, ಥರ್ಮೋಸ್ಟಾಟ್ ಎರಡೂ ಸೇರಿದ ಒಂದು ಪ್ಲಾಸ್ಟಿಕ್ ಡಬ್ಬಿ ಇರುತ್ತದೆ. ವರ್ಷಗಳು ಕಳೆದ ಹಾಗೆ ಬಿಸಿಗೆ ಅದು ಸೋರುತ್ತದೆ, ಇದು ಎಲ್ಲರಿಗೂ ಗೊತ್ತಿರುವ ಕಾಯಿಲೆ. ಟಾರ್ಚ್ ಹಾಕಿ ನೋಡಿ, ಗುಲಾಬಿ ಬಣ್ಣದ ಒಣಗಿದ ಕಲೆ ಕಂಡರೆ ಸೋರುತ್ತಿದೆ ಅಂತ ಅರ್ಥ. ಕೂಲೆಂಟ್ ಕಡಿಮೆಯಾದಾಗ ಯಾರೋ ಬೋರ್‌ವೆಲ್ ನೀರು ಸುರಿದಿದ್ದರೆ ಇನ್ನೂ ಕಷ್ಟ, ನಮ್ಮ ನೀರಿನ ಉಪ್ಪು ಒಳಗೆಲ್ಲ ಕಟ್ಟಿಕೊಳ್ಳುತ್ತದೆ. ಕೂಲೆಂಟ್ ಬಣ್ಣ ಮಸುಕಾಗಿ ಕಂದು ಆಗಿದ್ದರೆ ಬೇಡ.

ಬ್ಯಾಟರಿಯೂ ಅಷ್ಟೇ. ನಮ್ಮ ಕಡೆ ಅದನ್ನು ಕೊಲ್ಲುವುದು ಬಿಸಿಲು. ಸ್ಟಾರ್ಟ್ ಸ್ಟಾಪ್ ಇರುವ ಕಾರಿಗೆ ಸಾಮಾನ್ಯ ಬ್ಯಾಟರಿ ಹಾಕಿ ಕೈ ತೊಳೆದುಕೊಂಡಿರುತ್ತಾರೆ, ಅದನ್ನೂ ನೋಡಿ.

ಕೋಟೆ ಕೆಳಗಿನವನು:

ಇಷ್ಟು ವಿವರ ಎಲ್ಲೂ ಸಿಕ್ಕಿರಲಿಲ್ಲ, ಇಬ್ಬರಿಗೂ ತುಂಬಾ ಥ್ಯಾಂಕ್ಸ್. ಗೇರ್ ಬಾಕ್ಸ್ ಆಯಿಲ್ ಬಿಲ್ ಕೇಳಿದ್ದೇನೆ, ಹುಡುಕಿ ಕಳಿಸುತ್ತೇವೆ ಅಂದಿದ್ದಾರೆ. ಪೆಟ್ರೋಲ್ ಬಗ್ಗೆಯೂ ಒಂದು ಮಾತು ಹೇಳಿ. ಈಗ ಎಲ್ಲ ಬಂಕ್‌ನಲ್ಲೂ ಇ20 (ಶೇ 20 ಎಥೆನಾಲ್ ಬೆರೆಸಿದ ಪೆಟ್ರೋಲ್) ಬಂದಿದೆ, 2018ರ ಕಾರಿಗೆ ಅದು ಆಗುತ್ತದಾ? ಮತ್ತೆ ಬಳ್ಳಾರಿಗೆ ಹೈದರಾಬಾದ್ ಕೂಡ ದೂರ ಅಲ್ಲ, ಅಲ್ಲಿ ಇಂಥ ಕಾರು ಜಾಸ್ತಿ ಸಿಗುತ್ತವೆ, ಬೆಲೆಯೂ ಕಡಿಮೆ ಕಾಣುತ್ತಿದೆ. ಅಲ್ಲಿಂದ ತರಬಹುದಾ?

ರಾಯಚೂರು ಬಿಸಿಲು:

ಇ20ಗೆ ತಕ್ಕಂತೆ ಕಾರುಗಳು ಬರತೊಡಗಿದ್ದು 2023ರ ಏಪ್ರಿಲ್‌ನಿಂದ. ಅದಕ್ಕೂ ಹಿಂದಿನ ಕಾರಾದರೆ ಟ್ಯಾಂಕ್ ಮುಚ್ಚಳದ ಒಳಗಿನ ಸ್ಟಿಕರ್ ನೋಡಿ, ಮ್ಯಾನುಯಲ್ ನೋಡಿ. ಎಥೆನಾಲ್‌ನಲ್ಲಿ ಪೆಟ್ರೋಲ್‌ಗಿಂತ ಸುಮಾರು ಮೂರನೇ ಒಂದು ಭಾಗ ಶಕ್ತಿ ಕಡಿಮೆ, ಹಾಗಾಗಿ ಮೈಲೇಜ್ ಸ್ವಲ್ಪ ಇಳಿಯುತ್ತದೆ. ಹಳೆ ಕಾರಿನಲ್ಲಿ ರಬ್ಬರ್ ಪೈಪ್, ಸೀಲುಗಳ ಮೇಲೆ ಕಣ್ಣಿಡಬೇಕು. ನಿಮಗೆ ಒಂದು ಒಳ್ಳೆಯ ವಿಷಯ ಅಂದರೆ ನೀವು ದಿನಾ ಓಡಿಸುವವರು. ಎಥೆನಾಲ್ ಗಾಳಿಯಲ್ಲಿನ ತೇವ ಎಳೆದುಕೊಳ್ಳುತ್ತದೆ, ತಿಂಗಳುಗಟ್ಟಲೆ ನಿಂತ ಕಾರಿನಲ್ಲಿ ಅದು ತೊಂದರೆ. ನಿಮ್ಮ ಟ್ಯಾಂಕ್ ವಾರಕ್ಕೊಮ್ಮೆ ಖಾಲಿಯಾಗುತ್ತದೆ. ಎಕ್ಸ್‌ಪಿ95 ತರಹದ 95 ಆಕ್ಟೇನ್ ಪೆಟ್ರೋಲ್ ನಿಮ್ಮ ದಾರಿಯಲ್ಲಿ ಯಾವ ಬಂಕ್‌ನಲ್ಲಿ ಸಿಗುತ್ತದೆ ಅಂತ ಕಾರು ತಗೊಳ್ಳುವ ಮೊದಲೇ ನೋಡಿಟ್ಟುಕೊಳ್ಳಿ.

ಖರ್ಚಿನ ಲೆಕ್ಕ ಮಾಡಿದ್ದೀರಾ? ದಿನಕ್ಕೆ 70, ತಿಂಗಳಿಗೆ 25 ದಿನ ಅಂದರೆ 1,750 ಕಿ.ಮೀ. ಲೀಟರ್‌ಗೆ 11 ಅಥವಾ 12 ಕೊಟ್ಟರೆ ತಿಂಗಳಿಗೆ 150 ಲೀಟರ್. ಲೀಟರ್ 100 ರೂಪಾಯಿ ದಾಟಿ ಎಷ್ಟು ದಿನ ಆಯಿತು! ಡೀಸೆಲ್ ಸ್ವಿಫ್ಟ್‌ನಿಂದ ಬರುತ್ತಿದ್ದೀರಿ, ಇದು ಮೊದಲ ತಿಂಗಳೇ ಗೊತ್ತಾಗುತ್ತದೆ.

ಗಿಣಿಗೇರಾ ಗೇಟ್:

ಹೈದರಾಬಾದ್ ವಿಷಯ ನಾನು ಹೇಳುತ್ತೇನೆ, ಯಾಕೆಂದರೆ ಹೊರ ರಾಜ್ಯದ ಕಾರು ತಂದು ಪೆಟ್ಟು ತಿಂದವನು ನಾನು.

ಬೆಲೆ ಕಡಿಮೆ ಕಾಣುತ್ತದೆ, ನಿಜ. ಆದರೆ ಬೇರೆ ರಾಜ್ಯದ ಗಾಡಿಯನ್ನು ಇಲ್ಲಿ 12 ತಿಂಗಳಿಗಿಂತ ಜಾಸ್ತಿ ಇಟ್ಟುಕೊಂಡರೆ ಇಲ್ಲಿ ರಿಜಿಸ್ಟರ್ ಮಾಡಿಸಲೇಬೇಕು. ಅದಕ್ಕೆ ಅಲ್ಲಿನ ಆರ್‌ಟಿಒದಿಂದ ಫಾರ್ಮ್ 28ರಲ್ಲಿ ಎನ್‌ಒಸಿ ಬೇಕು, ಆಮೇಲೆ ಕರ್ನಾಟಕದ ಲೈಫ್ ಟ್ಯಾಕ್ಸ್ ಕಟ್ಟಬೇಕು. ನಮ್ಮಲ್ಲಿ 20 ಲಕ್ಷ ದಾಟಿದ ಹೊಸ ಕಾರಿಗೆ ಶೇ 18, ಅದರ ಮೇಲೆ ಸೆಸ್. ಹಳೆ ಕಾರಿಗೆ ವಯಸ್ಸು ನೋಡಿ ಕಡಿಮೆ ಮಾಡುತ್ತಾರೆ, ಆದರೆ ಲೆಕ್ಕ ಹಿಡಿಯುವುದು ಹೊಸದಿದ್ದಾಗಿನ ಬೆಲೆಯಿಂದ, ನೀವು ಕೊಟ್ಟ ದುಡ್ಡಿನಿಂದ ಅಲ್ಲ. ಈ ಒಂದು ಮಾತು ಗೊತ್ತಿಲ್ಲದೆ ನಾನು ಉಳಿಸಿದೆ ಅಂದುಕೊಂಡ ದುಡ್ಡೆಲ್ಲ ಕೆಎ 37 ಬೋರ್ಡ್ ಹಾಕಿಸುವುದರಲ್ಲೇ ಹೋಯಿತು. ಅಲ್ಲಿ ಕಟ್ಟಿದ ಟ್ಯಾಕ್ಸ್ ವಾಪಸ್ ಪಡೆಯಲು ಎಷ್ಟು ಸಲ ಓಡಾಡಿದೆ ಅಂತ ಬರೆಯಲು ಹೋದರೆ ಇನ್ನೊಂದು ಪುಟ ಬೇಕು. ಕರ್ನಾಟಕ ನಂಬರ್ ಕಾರಿಗೆ 1 ಲಕ್ಷ ಜಾಸ್ತಿ ಕೊಟ್ಟರೂ ಅದೇ ಅಗ್ಗ.

ಎರಡನೇ ಪೆಟ್ಟು ಮೀಟರ್. ಕಾರು ಯಾವುದು, ಮಾರಿದವರು ಯಾರು ಅಂತ ಹೇಳುವುದು ಬೇಡ. ಮೀಟರ್‌ನಲ್ಲಿ 48 ಸಾವಿರ ಇತ್ತು. ಸೀಟು ಹೊಸದರ ಹಾಗೆ ಹೊಳೆಯುತ್ತಿತ್ತು. ನಾಲ್ಕು ತಿಂಗಳಾದ ಮೇಲೆ ಒಬ್ಬ ಮೆಕ್ಯಾನಿಕ್ ಸ್ಕ್ಯಾನರ್ ಹಾಕಿದಾಗ ಗೇರ್ ಬಾಕ್ಸ್ ಕಂಪ್ಯೂಟರ್‌ನಲ್ಲಿ 1 ಲಕ್ಷ 10 ಸಾವಿರ ಕಿ.ಮೀ. ಅಂತ ಬಂತು. ಅವತ್ತು ನಾನು ಊಟ ಮಾಡಲಿಲ್ಲ. ಈ ಕಾರುಗಳಲ್ಲಿ ಓಡಿದ ಲೆಕ್ಕ ಮೀಟರ್ ಒಂದರಲ್ಲೇ ಇರುವುದಿಲ್ಲ, ಬೇರೆ ಬೇರೆ ಕಂಪ್ಯೂಟರ್‌ಗಳಲ್ಲೂ ಉಳಿದಿರುತ್ತದೆ. ಮೀಟರ್ ತಿರುಗಿಸುವವನು ಎಲ್ಲ ಕಡೆ ತಿರುಗಿಸಿರುವುದಿಲ್ಲ. ಆದ್ದರಿಂದ ದುಡ್ಡು ಕೊಡುವ ಮೊದಲು ಆ ಬ್ರಾಂಡ್ ಗೊತ್ತಿರುವವನನ್ನು ಕರೆದುಕೊಂಡು ಹೋಗಿ ಪೂರ್ತಿ ಸ್ಕ್ಯಾನ್ ಮಾಡಿಸಿ. ಅವನಿಗೆ ಕೊಡುವ ನಾಲ್ಕೈದು ಸಾವಿರಕ್ಕೆ ಹಿಂದೆ ಮುಂದೆ ನೋಡಬೇಡಿ.

ಟೈರ್ ಗೋಡೆಯ ಮೇಲೆ ನಾಲ್ಕು ಅಂಕೆ ಇರುತ್ತದೆ. 2319 ಅಂತ ಇದ್ದರೆ 2019ರ 23ನೇ ವಾರದಲ್ಲಿ ತಯಾರಾದದ್ದು. 2018ರ ಕಾರು 30 ಸಾವಿರ ಮಾತ್ರ ಓಡಿದೆ ಅನ್ನುತ್ತಾರೆ, ಟೈರ್ ನೋಡಿದರೆ ಆಗಲೇ ಎರಡು ಸಲ ಬದಲಾಗಿರುತ್ತದೆ. ಹೇಗೆ ಅಂತ ಕೇಳಿ. ಗಾಜುಗಳ ಮೇಲಿನ ವರ್ಷ ಎಲ್ಲ ಒಂದೇ ಇದೆಯಾ ನೋಡಿ. ಸೀಟ್ ಬೆಲ್ಟ್ ಪೂರ್ತಿ ಹೊರಗೆ ಎಳೆದು ತುದಿ ನೋಡಿ, ನೀರು ನುಗ್ಗಿದ ಕಾರಾದರೆ ಅಲ್ಲಿ ಕೆಸರಿನ ಗೆರೆ ಉಳಿದಿರುತ್ತದೆ. 2022ರ ಸೆಪ್ಟೆಂಬರ್‌ನಲ್ಲಿ ಬೆಂಗಳೂರಿನ ಹೊರ ವರ್ತುಲ ರಸ್ತೆ ಕಡೆ ದೊಡ್ಡ ದೊಡ್ಡ ಕಾರುಗಳು ನೀರಲ್ಲಿ ನಿಂತಿದ್ದು ನೆನಪಿದೆ ಅಲ್ವಾ? ಅವುಗಳಲ್ಲಿ ಎಷ್ಟೋ ಮತ್ತೆ ಮಾರ್ಕೆಟ್‌ಗೆ ಬಂದಿರಬಹುದು.

ಇನ್ನೊಂದು ಪ್ರಶ್ನೆ ಕೇಳಲೇಬೇಕು, ರೀಮ್ಯಾಪ್, ಅಂದರೆ ಇಂಜಿನ್ ಸಾಫ್ಟ್‌ವೇರ್ ಬದಲಾವಣೆ, ಆಗಿತ್ತಾ ಅಂತ. ವಿಆರ್‌ಎಸ್ ತಗೊಂಡವರಲ್ಲಿ ಬಹಳ ಜನ ಪವರ್ ಹೆಚ್ಚಿಸಿಕೊಂಡಿರುತ್ತಾರೆ, ಮಾರುವಾಗ ಮೊದಲಿನ ಹಾಗೆ ಮಾಡಿ ಕೊಡುತ್ತಾರೆ. ಸಾಫ್ಟ್‌ವೇರ್ ವಾಪಸ್ ಬರುತ್ತದೆ, ಸವೆದ ಕ್ಲಚ್ ಬರುವುದಿಲ್ಲ.

ಸಾಲ ಇದ್ದ ಕಾರಾದರೆ ಫಾರ್ಮ್ 35 ಮತ್ತು ಬ್ಯಾಂಕಿನ ಪತ್ರ, ಹೆಸರು ಬದಲಾಯಿಸಲು 29 ಮತ್ತು 30. ಇನ್ಶೂರೆನ್ಸ್ 14 ದಿನದೊಳಗೆ ನಿಮ್ಮ ಹೆಸರಿಗೆ ಮಾಡಿಸಲು ಅರ್ಜಿ ಕೊಡಿ. ಹಳೆ ಮಾಲೀಕನ ನೋ ಕ್ಲೇಮ್ ಬೋನಸ್ ಅವನ ಜೊತೆ ಹೋಗುತ್ತದೆ, ಕಾರಿನ ಜೊತೆ ಬರುವುದಿಲ್ಲ.

ಗಂಗಾವತಿ ಡಾಕ್ಟರ್:

ನಾನು ಇಲ್ಲಿ ಸ್ವಲ್ಪ ಬೇರೆ ಮಾತು ಹೇಳಬೇಕು. ನಾನು ವೈದ್ಯೆ, ಗಂಗಾವತಿಯಿಂದ ಸಿಂಧನೂರು, ಸಿರುಗುಪ್ಪ ಕಡೆ ವಾರದಲ್ಲಿ ನಾಲ್ಕು ದಿನ ನಾನೇ ಓಡಿಸಿಕೊಂಡು ಹೋಗುತ್ತೇನೆ. ವೇಗದ ಕಾರು ನನಗೂ ಇಷ್ಟ. ನನ್ನದು 1.5 ಟರ್ಬೊ ಮ್ಯಾನುಯಲ್.

ನೀವು ಎಲ್ಲರೂ ಬಿಸಿಲು, ಧೂಳು ಅಂದಿರಿ. ಸುಗ್ಗಿ ಕಾಲ ಯಾರೂ ಹೇಳಲಿಲ್ಲ. ನಮ್ಮ ಕಡೆ ರಸ್ತೆ ಮೇಲೆ ಹುರುಳಿ, ಸಜ್ಜೆ, ಜೋಳದ ದಂಟು ಹರಡುತ್ತಾರೆ, ವಾಹನ ಹಾದು ಹೋಗಿ ಕಾಳು ಬಿಡಲಿ ಅಂತ. ಎತ್ತರದ ಗಾಡಿ ದಾಟಿಬಿಡುತ್ತದೆ. ತಗ್ಗಿನ ಕಾರಿನ ಕೆಳಗೆ ಆ ದಂಟು ಹಗ್ಗದ ಹಾಗೆ ಸುತ್ತಿಕೊಳ್ಳುತ್ತದೆ. ಟರ್ಬೊ ಕಾರಿನ ಸೈಲೆನ್ಸರ್ ಪೈಪ್, ಕ್ಯಾಟಲಿಟಿಕ್ ಕನ್ವರ್ಟರ್ ಆಗ ನೂರಾರು ಡಿಗ್ರಿ ಕಾದಿರುತ್ತವೆ. ಹೀಗೆ ಬೆಂಕಿ ಹತ್ತಿ ಕಾರುಗಳು ಸುಟ್ಟುಹೋಗಿವೆ, ಒಳಗಿದ್ದವರು ಸತ್ತದ್ದೂ ಇದೆ. ದಯವಿಟ್ಟು ಹಗುರವಾಗಿ ತಗೋಬೇಡಿ. ನಾನು ಅಂಥ ಕಡೆ ನಿಲ್ಲಿಸಿ, ರೈತರಿಗೆ ಹೇಳಿ ಒಂದು ಬದಿ ಸರಿಸಿಕೊಂಡು ಹೋಗುತ್ತೇನೆ. ಬೇಡ ಅಂದವರು ಇದುವರೆಗೆ ಯಾರೂ ಇಲ್ಲ. ತಪ್ಪಿ ಹತ್ತಿಸಿದರೆ ಸ್ವಲ್ಪ ಮುಂದೆ ಹೋಗಿ ಇಳಿದು ಕೆಳಗೆ ಬಗ್ಗಿ ನೋಡುತ್ತೇನೆ. ಕಾರಿನಲ್ಲಿ ಬೆಂಕಿ ಆರಿಸುವ ಸಿಲಿಂಡರ್ ಇದೆ, ಡ್ರೈವರ್ ಸೀಟಿನ ಹತ್ತಿರವೇ, ಡಿಕ್ಕಿಯಲ್ಲಿ ಅಲ್ಲ.

ಮಳೆಗಾಲದಲ್ಲಿ ಗದ್ದೆಯಿಂದ ಬರುವ ಟ್ರ್ಯಾಕ್ಟರ್‌ಗಳು ಎರೆ ಮಣ್ಣನ್ನು ಡಾಂಬರಿನ ಮೇಲೆ ಬಿಟ್ಟು ಹೋಗುತ್ತವೆ. ಒದ್ದೆಯಾದರೆ ಅದು ಸೋಪಿನ ಹಾಗೆ. 350 ಎನ್‌ಎಂ ಎಲ್ಲ ಮುಂದಿನ ಎರಡೇ ಚಕ್ರಕ್ಕೆ ಹೋಗುವ ಕಾರು ಅಂಥ ಕಡೆ ಚಕ್ರ ತಿರುಗಿಸಿಕೊಂಡು ನಿಲ್ಲುತ್ತದೆ. ರಾತ್ರಿ ಹಿಂದೆ ಲೈಟೇ ಇಲ್ಲದ ಟ್ರ್ಯಾಕ್ಟರ್ ಟ್ರೇಲರ್‌ಗಳು ಬೇರೆ. ಅಪಘಾತವಾಗಿ ಬಂದವರನ್ನು ನೋಡುವ ಕೆಲಸ ನನ್ನದು, ಅದಕ್ಕೇ ಹೇಳುತ್ತಿದ್ದೇನೆ. ಯಾವ ಕಾರಾದರೂ ಸರಿ, ಮೊದಲ ದುಡ್ಡು ಒಳ್ಳೆಯ ಟೈರ್‌ಗೆ, ಬ್ರೇಕ್ ಪ್ಯಾಡ್‌ಗೆ, ಹೆಡ್‌ಲೈಟ್‌ಗೆ ಹಾಕಿ. ಎಕ್ಸಾಸ್ಟ್ ಸದ್ದು, ಸ್ಪಾಯ್ಲರ್ ಎಲ್ಲ ಆಮೇಲೆ.

ಸ್ಲಾವಿಯಾದ ಗ್ರೌಂಡ್ ಕ್ಲಿಯರೆನ್ಸ್ 179 ಮಿ.ಮೀ. ನಮ್ಮ ಹಳ್ಳಿಗಳ ಹಂಪ್ಸ್ ಮೇಲೆ ಐದು ಜನ ಕೂತಾಗ ಅದರ ಬೆಲೆ ಗೊತ್ತಾಗುತ್ತದೆ. ಮ್ಯಾನುಯಲ್ ಆದ್ದರಿಂದ ಒಣ ಕ್ಲಚ್ ಡಿಎಸ್‌ಜಿ ತಲೆನೋವೂ ಇಲ್ಲ. ಆ 150 ಪಿಎಸ್‌ನಲ್ಲಿ ನನಗೆ ಲಾರಿ ದಾಟಲು ಒಂದು ದಿನವೂ ಕಡಿಮೆ ಅನಿಸಿಲ್ಲ. ಒಂದೇ ಕಾರಿನ ಮನೆಗೆ ನಾನು ಅದನ್ನೇ ಹೇಳುತ್ತೇನೆ. ಅಮ್ಮನನ್ನು ಎರಡರಲ್ಲೂ ಕೂರಿಸಿ ಇಳಿಸಿ ನೋಡಿ, ಬರೀ ಕೂರುವುದಲ್ಲ, ಏಳುವುದನ್ನು ನೋಡಿ.

ಕೋಟೆ ಕೆಳಗಿನವನು:

ಎರಡು ವಾರದ ಮೇಲೆ ಬರೆಯುತ್ತಿದ್ದೇನೆ. ಬೆಂಗಳೂರಿನ ಕಾರು ನೋಡಿ ಬಂದೆ. ಹೊರಗಿನಿಂದ ನೋಡಿದರೆ ಮನಸ್ಸು ಸೋತೇಹೋಗುತ್ತದೆ, ಸ್ಟಾರ್ಟ್ ಮಾಡಿದಾಗ ಕೈ ನಡುಗಿತು. ಆದರೆ ಟಾರ್ಚ್ ಹಾಕಿದಾಗ ವಾಟರ್ ಪಂಪ್ ಕೆಳಗೆ ಗುಲಾಬಿ ಕಲೆ ಇತ್ತು, ರಾಯಚೂರು ಸರ್ ಹೇಳಿದ ಹಾಗೇ. ಗೇರ್ ಬಾಕ್ಸ್ ಆಯಿಲ್ ಬಿಲ್ ಕೊನೆಗೂ ಬರಲಿಲ್ಲ. ಟೈರ್ ನಾಲ್ಕೂ 2018ರವು. 74 ಸಾವಿರ ಅದೇ ಟೈರ್‌ನಲ್ಲಿ ಓಡಿತಾ ಅಂತ ಕೇಳಿದರೆ ಉತ್ತರ ಇಲ್ಲ. ವಾಪಸ್ ಬಂದೆ. ಚಿತ್ರದುರ್ಗದವರೆಗೂ ಬೇಜಾರಾಗಿತ್ತು.

ಡಾಕ್ಟರ್ ಮೇಡಂ, ನಿಮ್ಮ ಮಾತನ್ನು ಮನೆಯಲ್ಲಿ ಓದಿ ಹೇಳಿದೆ. ಅಮ್ಮ ನಿಮ್ಮ ಪಕ್ಷ. ಇಲ್ಲೇ ಪರಿಚಯದವರ ಸ್ಲಾವಿಯಾದಲ್ಲಿ ಕೂರಿಸಿ ನೋಡಿದೆ, ತೊಂದರೆ ಇಲ್ಲದೆ ಎದ್ದರು. ಹುರುಳಿ ವಿಷಯ ಗೊತ್ತಿದ್ದರೂ ಕಾರು ತಗೊಳ್ಳುವಾಗ ಅದನ್ನು ಯೋಚಿಸಬೇಕು ಅಂತ ನನಗೆ ಹೊಳೆದೇ ಇರಲಿಲ್ಲ.

ಆದರೂ ವಿಆರ್‌ಎಸ್ ಬಿಡಲು ಮನಸ್ಸಿಲ್ಲ, ಇದನ್ನು ಪ್ರಾಮಾಣಿಕವಾಗಿ ಹೇಳುತ್ತೇನೆ. ಈಗ ದಾವಣಗೆರೆಯಲ್ಲಿ ಇನ್ನೊಂದು ಸಿಕ್ಕಿದೆ. 2018ರದ್ದು, ಒಬ್ಬರೇ ಮಾಲೀಕರು, ಕೆಎ ನಂಬರ್, 66 ಸಾವಿರ ಕಿ.ಮೀ. ಗೇರ್ ಬಾಕ್ಸ್ ಆಯಿಲ್ 58 ಸಾವಿರದಲ್ಲಿ ಬದಲಾಯಿಸಿದ ಬಿಲ್ ಅವರೇ ಫೋನಿನಲ್ಲಿ ಕಳಿಸಿದ್ದಾರೆ, ವಾಟರ್ ಪಂಪ್ ಕಳೆದ ವರ್ಷ ಹೊಸದು, ಅದರ ಬಿಲ್ ಕೂಡ ಇದೆ. ರೀಮ್ಯಾಪ್ ಮಾಡಿಸಿಲ್ಲ ಅನ್ನುತ್ತಾರೆ. ಸ್ಕ್ಯಾನ್ ಮಾಡಿಸಿಕೊಳ್ಳಿ ಅಂತ ಅವರೇ ಹೇಳಿದರು. ಬೆಲೆ 17 ಲಕ್ಷ 25 ಸಾವಿರ. ಟೈರ್, ಬ್ರೇಕ್, ಸರ್ವಿಸ್, ಇನ್ಶೂರೆನ್ಸ್, ಕೆಳಗಿನ ಗಾರ್ಡ್ ಅಂತ ಎರಡೂವರೆ ಲಕ್ಷ ತೆಗೆದಿಟ್ಟಿದ್ದೇನೆ. ಸ್ಕ್ಯಾನ್‌ನಲ್ಲಿ ಒಂದು ಸಣ್ಣ ಸುಳ್ಳು ಕಂಡರೂ, ಅಥವಾ ಅಮ್ಮನಿಗೆ ಏಳಲು ಕಷ್ಟವಾದರೂ ಸ್ಲಾವಿಯಾಗೆ ಅಡ್ವಾನ್ಸ್ ಕೊಡುವುದು ಅಂತ ಮನೆಯಲ್ಲಿ ಮಾತು ಕೊಟ್ಟಿದ್ದೇನೆ. ಭಾನುವಾರ ಮಧ್ಯಾಹ್ನ 2 ಗಂಟೆಗೆ ಬರುತ್ತೇನೆ ಅಂದಿದ್ದೇನೆ, ಯಾಕೆ ಆ ಬಿಸಿಲಲ್ಲಿ ಅಂತ ಅವರು ಕೇಳಿದರು.

ಕುಡತಿನಿ ಕ್ರಾಸ್:

ಭಾನುವಾರ ನನಗೆ ರಜೆ. ಸ್ಕ್ಯಾನರ್ ನನ್ನ ಹತ್ತಿರ ಇದೆ, ಲ್ಯಾಪ್‌ಟಾಪ್ ಸಮೇತ ಬರುತ್ತೇನೆ. ಅಮ್ಮನನ್ನೂ ಕರೆದುಕೊಂಡೇ ಹೋಗೋಣ. ಬೆಳಿಗ್ಗೆ 8ಕ್ಕೆ ಹೊರಟರೆ ದಾರಿಯಲ್ಲಿ ಊಟ ಮಾಡಿಕೊಂಡು ಸರಿಯಾದ ಹೊತ್ತಿಗೆ ಅಲ್ಲಿರುತ್ತೇವೆ. ನಿಮ್ಮ ಸ್ವಿಫ್ಟ್‌ನಲ್ಲೇ ಹೋಗೋಣ. ಟಾರ್ಚ್ ಮರೆಯಬೇಡಿ, ಕೆಳಗೆ ಮಲಗಿ ನೋಡಲು ಒಂದು ಹಳೆ ಚಾಪೆಯೂ ಇರಲಿ.